ನಾನು ಕಲಿಯದ ಮಾತು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ನನ್ನ ಓದೂ ಅದಕ್ಕೆ ತಕ್ಕಂತೆಯೇ ಇತ್ತು. ರಾಯಚೂರಿನಲ್ಲಿ ಎಂ.ಟೆಕ್. ಮಾಡುತ್ತಿದ್ದೆ, ಮನುಷ್ಯರ ಮಾತನ್ನು ಕಂಪ್ಯೂಟರಿಗೆ ತಿಳಿಯುವಂತೆ ಮಾಡುವುದು ನನ್ನ ವಿಷಯ. ಮತ್ತೆ ಮತ್ತೆ ಕೇಳಿಸದೆ ಯಂತ್ರ ಒಂದು ಪದವನ್ನೂ ಗುರುತಿಸುವುದಿಲ್ಲ. ಮನುಷ್ಯರೂ ಅಷ್ಟೇ, ಕೇಳದ ಭಾಷೆ ಯಾರಿಗೂ ಬರುವುದಿಲ್ಲ ಎಂದು ನಂಬಿದ್ದೆ. ಪರೀಕ್ಷೆಯಲ್ಲಿ ಕೇಳಿದರೆ ಈಗಲೂ ಅದನ್ನೇ ಬರೆದೇನು.

ಕೆಲವು ವರ್ಷಗಳ ಹಿಂದೆ, ದೇವದುರ್ಗದ ಕಡೆಯ ಹಳ್ಳಿಗಳಲ್ಲಿ ಜನರ ಮಾತು ರೆಕಾರ್ಡ್ ಮಾಡಿಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ರಾಯಚೂರಿಗೆ ಮರಳುತ್ತಿದ್ದೆ. ಪಕ್ಕದಲ್ಲಿ ಲಂಬಾಣಿ ಅಜ್ಜಿಯೊಬ್ಬಳು ಕೂತಿದ್ದಳು. ಆಚೆ ಸೀಟಿನಲ್ಲಿ ಅವಳ ಸೊಸೆ. ತನ್ನ ಮಗಳು ತೀರಿಕೊಂಡಾಗಿನಿಂದ ಅತ್ತೆ ಯಾರೊಡನೆಯೂ ಮಾತಾಡುತ್ತಿಲ್ಲ, ಉಣ್ಣುತ್ತಲೂ ಇಲ್ಲ, ಡಾಕ್ಟರಿಗೆ ತೋರಿಸಲು ಹೊರಟಿದ್ದೇವೆ ಎಂದು ಸೊಸೆಯೇ ಹೇಳಿದಳು.

“ಅಕಿಗೆ ಕನ್ನಡ ಬರಂಗಿಲ್ರಿ. ನೀವು ಏನರ ಕೇಳಿದ್ರೂ ಸುಮ್ನ ಕುಂದರ್ತಾಳ,” ಎಂದಳು.

ನಾನು ಮಾನ್ವಿಯವಳು. ಕನ್ನಡದ ಜೊತೆ ತೆಲುಗು, ಉರ್ದು ಅಷ್ಟಿಷ್ಟು ಬರುತ್ತವೆ. ಲಂಬಾಣಿ ಮಾತ್ರ ಒಂದು ಶಬ್ದವೂ ಬಾರದು.

ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು. ಭತ್ತದ ಗದ್ದೆ, ಕಾಲುವೆಯ ನೀರು, ಬಿಳಿಯ ಆಕಾಶ ಒಂದರೊಳಗೊಂದು ಕರಗುತ್ತ ಹೋದಂತೆ ಕಣ್ಣು ಎಳೆಯತೊಡಗಿದವು. ಆ ಜೊಂಪಿನಲ್ಲಿ ಅಜ್ಜಿ ಮಾತಾಡುವುದು ಕೇಳಿಸಿತು. ಒಲೆಯ ಮುಂದೆ ಕೂತರೆ ಬೆನ್ನ ಹಿಂದೆ ಮಗಳ ಬಳೆಯ ಸದ್ದಾಗುತ್ತದೆ, ತಿರುಗಿ ನೋಡಿದರೆ ನಿಂತುಬಿಡುತ್ತದೆ, ಅದಕ್ಕೇ ತಿರುಗುವುದನ್ನೇ ಬಿಟ್ಟಿದ್ದೇನೆ ಎಂದಳು. ನಮ್ಮವ್ವ ಅಡುಗೆಮನೆಯಿಂದ ಮಾತಾಡಿದಷ್ಟು ಸಲೀಸಾಗಿ ನನಗದು ತಿಳಿಯಿತು. ನಾನೂ ಏನೋ ಹೇಳಿದೆ, ಬಹಳ ಹೊತ್ತು. ಅಜ್ಜಿಯ ಒರಟು ಕೈ ನನ್ನ ಕೈಮೇಲಿದ್ದುದು ನೆನಪಿದೆ. ಹೇಳಿದ್ದು ನೆನಪಿಲ್ಲ.

ಎಚ್ಚರಾದಾಗ ಬಸ್ಸು ರಾಯಚೂರು ಸೇರಿತ್ತು. ಅಜ್ಜಿ ಮಡಿಲಲ್ಲಿ ಗಂಟು ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಸೊಸೆ ನನ್ನನ್ನೇ ನೋಡುತ್ತಿದ್ದಳು.

“ಅಕ್ಕಾರ, ನಮ್ಮ ಮಾತು ಎಲ್ಲಿ ಕಲ್ತ್ರಿ?”

“ನನಗ ಬರಂಗಿಲ್ಲವ್ವಾ.”

“ಇಷ್ಟೊತ್ತನ ಮಾತಾಡಿದ್ರೆಲ್ಲ. ನಮ್ಮ ತಾಂಡಾದಾಗ ಹುಟ್ಟಿದವರಂಗ ಮಾತಾಡಿದ್ರಿ.”

ಏನಂದೆ ಎಂದು ಕೇಳಿದೆ. ಬಸ್ಸಿನ ಸದ್ದಿನಲ್ಲಿ ಅವಳಿಗೆ ಪೂರಾ ಕೇಳಿಸಿರಲಿಲ್ಲ. ನನ್ನ ರೆಕಾರ್ಡರ್ ಆಫ್ ಆಗಿ ಚೀಲದಲ್ಲೇ ಇತ್ತು. ಅಷ್ಟರಲ್ಲಿ ಅಜ್ಜಿ ನನ್ನ ಗಲ್ಲ ಹಿಡಿದು ಏನೋ ಕೇಳಿದಳು. ಈಗ ಒಂದಕ್ಷರವೂ ತಿಳಿಯಲಿಲ್ಲ.

“ಮನಿಗಿ ಬರ್ತೀನಿ ಅಂದ್ರಂತ. ಯಾವಾಗ ಬರ್ತಿ ಅಂತ ಕೇಳಾಕತ್ತಾಳ್ರಿ,” ಎಂದಳು ಸೊಸೆ.

ಕೊಟ್ಟ ನೆನಪಿಲ್ಲದ ಮಾತನ್ನು ಹೇಗೆ ಉಳಿಸಿಕೊಳ್ಳುವುದು? ಆದರೂ ಮುಂದಿನ ಸಲ ದೇವದುರ್ಗಕ್ಕೆ ಹೋದಾಗ ಅವರ ತಾಂಡಾ ಹುಡುಕಿಕೊಂಡು ಹೋದೆ. ಅಜ್ಜಿ ಗೆಲುವಾಗಿದ್ದಳು. ಡಾಕ್ಟರ ಔಷಧಿ ಮುಟ್ಟಲೇ ಇಲ್ಲ, ಅವತ್ತಿನಿಂದಲೇ ಉಣ್ಣುತ್ತಿದ್ದಾಳೆ ಎಂದಳು ಸೊಸೆ. ಅಜ್ಜಿ ನನ್ನನ್ನು ಕೂರಿಸಿಕೊಂಡು ತುಂಬ ಮಾತಾಡಿದಳು. ಮಾತಿನ ಬಗ್ಗೆ ಓದಿದ್ದನ್ನೆಲ್ಲ ಒಟ್ಟುಗೂಡಿಸಿ ಕಿವಿಗೊಟ್ಟೆ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೂ ಗೊತ್ತಾಗಲಿಲ್ಲ. ನಡುನಡುವೆ ಅವಳು ನಿಲ್ಲಿಸಿ ಕಾಯುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ಕೊನೆಗೆ ಅಜ್ಜಿ ಸೊಸೆಯ ಕಡೆ ತಿರುಗಿ ಮೆಲ್ಲಗೆ ಏನೋ ಕೇಳಿದಳು. ಸೊಸೆ ಹೇಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದಳು.

“ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಬಸ್ಸಿನಾಗ ಮಾತಾಡಿದಾಕಿ ಯಾಕ ಬರಲಿಲ್ಲ ಅಂತ ಕೇಳಾಕತ್ತಾಳ.”