ಅತ್ತೆಯ ಒಪ್ಪಿಗೆಗೆ ಕುದಿಸಿದ ಸ್ಟಿಯರಿಕ್ ಆಮ್ಲ

ಚಿತ್ತಾಪುರದ ನಮ್ಮ ಮನೆಯ ಹಿತ್ತಲಲ್ಲಿ ನಾನು ಮೇಣದಬತ್ತಿ ಮಾಡಲು ಶುರು ಮಾಡಿದಾಗ ಅತ್ತೆ ಒಂದು ಮಾತೂ ಆಡಲಿಲ್ಲ. ಅವರು ಸುಮ್ಮನಿದ್ದಾರೆಂದರೆ ಅದು ಒಪ್ಪಿಗೆಯಲ್ಲ, ತನಿಖೆ. ಶಹಾಬಾದದ ಅಂಗಡಿಯಿಂದ ನಾನು ತರುತ್ತಿದ್ದ ಚೀಲದಲ್ಲಿ ಬಿಳಿ ಚಕ್ಕೆಗಳಿರುತ್ತಿದ್ದವು: ಸ್ಟಿಯರಿಕ್ ಆಮ್ಲ. ಮೇಣಕ್ಕೆ ಅದನ್ನು ಬೆರೆಸಿದರೆ ಬತ್ತಿ ಗಟ್ಟಿಯಾಗುತ್ತದೆ, ಸೆಕೆಗೆ ಬೇಗ ಬಾಗುವುದಿಲ್ಲ. ನಮ್ಮ ಕಡೆಯ ಬೇಸಿಗೆಗೆ ಮನುಷ್ಯರೇ ಬಾಗುತ್ತಾರೆ, ಬತ್ತಿಯ ಪಾಡೇನು!

ಒಂದು ದಿನ ಸೇಡಂನಿಂದ ಬಂದ ನಾದಿನಿ, "ಇದನ್ನ ದನದ ಚರಬಿಲಿಂದ ತಗೀತಾರಂತ" ಎಂದು ಕೊಬ್ಬಿನ ಸುದ್ದಿಯ ಬೆಂಕಿ ಹಚ್ಚಿ, ಚಹಾ ಕುಡಿದು, ಬಸ್ಸು ಹತ್ತಿ ಹೋದಳು. ಅತ್ತೆ ನಿತ್ಯ ಲಿಂಗಪೂಜೆ ಮಾಡುವವರು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ.

"ಹೌದೇನವ್ವಾ?" ಎಂದರು.

"ಚರಬಿಲಿಂದನೂ ಮಾಡ್ತಾರ್ರೀ ಅತ್ತಿ, ಎಣ್ಣಿಲಿಂದನೂ ಮಾಡ್ತಾರ."

"ಇದು ಯಾವುದರದು?"

ನನಗೆ ಗೊತ್ತಿರಲಿಲ್ಲ.

"ಗೊತ್ತಾಗೋತನಕ ಬತ್ತಿ ಮಾಡಬ್ಯಾಡ."

ಮದುವೆಯಾದ ಮೇಲೆ ನನ್ನದು ಅಂತ ಇದ್ದದ್ದು ಅದೊಂದೇ ಕೆಲಸ. ಅದೂ ನಿಂತುಹೋದರೆ ಎಂದು ನಿಜಕ್ಕೂ ಹೆದರಿದೆ. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದೆ. ಆ ಪದವಿ ಟ್ರಂಕಿನ ತಳದಲ್ಲಿ ಸುಖವಾಗಿ ಮಲಗಿತ್ತು. ಅತ್ತೆಯ ಕಣ್ಣೆದುರೇ ಎಣ್ಣೆಯಿಂದ ಆಮ್ಲ ತೆಗೆದು ತೋರಿಸುತ್ತೇನೆಂದು ಹೊರಟೆ.

ಕಾರ್ಖಾನೆಯಲ್ಲಾದರೆ ತಾಳೆ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುತ್ತಾರೆ. ಭಾರಿ ಒತ್ತಡದ ಹಬೆಯಲ್ಲಿ ಅದನ್ನು ಸೀಳಿದರೆ ಗ್ಲಿಸರಿನ್ ಒಂದು ಕಡೆ, ಆಮ್ಲಗಳು ಇನ್ನೊಂದು ಕಡೆ. ಆಮೇಲೆ ಬಟ್ಟಿ ಇಳಿಸಿ ಸ್ಟಿಯರಿಕ್ ಆಮ್ಲವನ್ನು ಬೇರೆ ಮಾಡುತ್ತಾರೆ. ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ಸ್ಟೀಲಿನ ಪಾತ್ರೆ. ವನಸ್ಪತಿ ತುಪ್ಪವೆಂದರೆ ಆಗಲೇ ಗಟ್ಟಿ ಮಾಡಿದ ಎಣ್ಣೆಯೇ. ಅದರ ಪ್ಯಾಕೆಟ್ಟು ತಂದು ಕಾಸ್ಟಿಕ್ ಸೋಡಾ ಹಾಕಿ ಕುದಿಸಿದೆ. ಸಾಬೂನಾಯಿತು. ಅದನ್ನು ಬೋರಿನ ಬಿಸಿನೀರಿಗೆ ಹಾಕಿದ್ದೇ ತಡ, ಬಿಳಿ ಗರಣೆ ತೇಲಿತು. ಸಾಬೂನು ಆಮ್ಲ ಬಿಡಬೇಕಾದರೆ ವಿನೆಗರ್‌ನಂಥ ಹುಳಿ ಹಾಕಬೇಕು, ನಾನಿನ್ನೂ ಹಾಕಿಯೇ ಇರಲಿಲ್ಲ. ಗೆದ್ದ ಹುರುಪಿನಲ್ಲಿ ಅದೆಲ್ಲ ಯಾರಿಗೆ ನೆನಪು?

"ನೋಡ್ರೀ ಅತ್ತಿ, ಬಂತು!"

ಅತ್ತೆ ಸೌಟಿನಿಂದ ಕದಡಿದರು. ನೀರು ಕುದಿಯುತ್ತಿದ್ದರೂ ಗರಣೆ ಗರಣೆಯಾಗಿಯೇ ಉಳಿಯಿತು.

"ಕರಗದಿದ್ದರ ಬತ್ತಿ ಹೆಂಗ ಮಾಡ್ತೀದಿ?"

ವಾಡಿಯಲ್ಲಿ, ರಾವೂರಿನಲ್ಲಿ ಅಗೆದು ತೆಗೆಯುವ ಸುಣ್ಣದ ಕಲ್ಲೇ ನಮ್ಮ ಬೋರಿನ ನೀರಿನಲ್ಲೂ ಕರಗಿದೆ. ಆ ಸುಣ್ಣ ಸಾಬೂನನ್ನು ಹಿಡಿದುಕೊಂಡು ಕರಗದ ಗರಣೆ ಮಾಡಿತ್ತು. ಬೇಳೆಯೂ ನೆಟ್ಟಗೆ ಬೇಯದ ನೀರನ್ನು ನಂಬಿ ನಾನು ವಿಜ್ಞಾನಕ್ಕೆ ಕೈ ಹಾಕಿದ್ದೆ. ಮರುದಿನ ಫಿಲ್ಟರ್ ನೀರಿನ ಕ್ಯಾನು ತರಿಸಿ ಮೊದಲಿನಿಂದ ಶುರು ಮಾಡಿದೆ. ವಿನೆಗರ್ ಸುರಿಯುತ್ತಲೇ ಸಾಬೂನಿನ ನೀರು ಹಾಲಿನಂತೆ ಒಡೆಯಿತು, ಕಾಯಿಸಿದಾಗ ಮೇಲೆ ಎಣ್ಣೆ ತೇಲಿತು, ಆರಿದ ಮೇಲೆ ಬಿಳಿ ಬಿಲ್ಲೆಯಾಯಿತು. ಬರೀ ಸ್ಟಿಯರಿಕ್ ಅಲ್ಲ, ಅದರ ಅಣ್ಣತಮ್ಮಂದಿರೂ ಜೊತೆಗಿದ್ದರು. ಆದರೂ ಖುಷಿಗೆ ಕಣ್ಣಲ್ಲಿ ನೀರು ಬಂತು; ಅದರಲ್ಲಿ ವಿನೆಗರ್ ಹಬೆಯ ಪಾಲೂ ಇತ್ತು.

ಅತ್ತೆ ಬಿಲ್ಲೆಯನ್ನು ತಿರುಗಿಸಿ ನೋಡಿದರು, ಮೂಸಿದರು.

"ಛಲೋ ಮಾಡೀದಿ. ಇದು ಎಣ್ಣೀದು, ನಾನೇ ನೋಡೀನಿ. ಆ ಚೀಲದಾಗಿಂದು?"

ನಾನು ಅಷ್ಟೆಲ್ಲ ಕುದಿಸಿದ್ದು ಆ ಪ್ರಶ್ನೆಯ ಹತ್ತಿರಕ್ಕೂ ಹೋಗಿರಲಿಲ್ಲ.

ಅತ್ತೆ ಸೀರೆ ಬದಲಾಯಿಸಿ, "ನಡಿ, ಅಂಗಡಿಯವನಿಗೇ ಕೇಳಮು" ಎಂದರು. ಇಬ್ಬರೂ ಶಹಾಬಾದದ ಬಸ್ಸು ಹತ್ತಿದೆವು. ಅಂಗಡಿಯಲ್ಲಿ ಅತ್ತೆ ಕೂರಲೂ ಇಲ್ಲ, ನೇರವಾಗಿ ಕೇಳಿಬಿಟ್ಟರು. ಅಂಗಡಿಯವರು ನಕ್ಕರು.

"ಅಮ್ಮಾ, ನಿಮಗಿಂತ ಮೊದಲ ನಮ್ಮ ಅಮ್ಮಿ ಕೇಳ್ಯಾರ್ರಿ. ಯಾವ ಜಾನ್ವರದ ಚರಬಿನೋ ಏನೋ, ಹಂದೀದಿದ್ರ? ಖಾತ್ರಿ ಇಲ್ಲದ ಮಾಲು ತಂದ್ರ ಮನೀಗಿ ಬರಬ್ಯಾಡ ಅಂದ್ರು. ಅದಕ್ಕ ತಾಳೆ ಎಣ್ಣೀದೇ ಹುಡುಕಿ ತರಸ್ತೀನ್ರಿ."

"ಈಗ ನಿಮ್ಮವ್ವ ಒಪ್ಯಾಳೇನಪಾ?"

"ಒಪ್ಯಾರ್ರಿ."

ನಾನು ಹೈಡ್ರೋಜನ್ನಿನ ಮಾತು ಎತ್ತಿದೆ. ಅತ್ತೆ ನನ್ನ ಕೈ ಹಿಡಿದು ತಡೆದರು.

"ನೀ ಸುಮ್ಮಿರವ್ವಾ. ಅವರವ್ವ ಕೇಳ್ಯಾಳಂದ್ರ ನಾ ಕೇಳಿದಂಗೇ. ಇನ್ನೊಂದು ಚೀಲ ತೊಗೊ, ನಾನೂ ಒಂದು ಕಡಿ ಹಿಡೀತೀನಿ."