ಖಾಲಿ ಬಟ್ಟಲಿನ ಚಿತ್ರ

ಎಂಬತ್ತರ ದಶಕದಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಕಲಘಟಗಿಯ ಶಾಲೆಯಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರರಿದ್ದರು. ಚಹಾವನ್ನೂ ಮೊದಲು ಮೂಸಿ, ಆಮೇಲೆ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಗಂಟೆ ಬಾರಿಸಿದರೂ ಏಳುತ್ತಿರಲಿಲ್ಲ. “ಸಾವಕಾಶ್ರಿ ಬಾಯಾರ, ಗಡಿಬಿಡಿ ಏನೈತಿ” ಎಂದು ನನಗೇ ಹೇಳುತ್ತಿದ್ದರು.

ಒಂದು ಭಾನುವಾರ ತಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಚಿತ್ರಗಳನ್ನು ತೂಗುಹಾಕಿ, ಪ್ರತಿಯೊಂದರ ಕೆಳಗೂ ಒಂದು ಬಟ್ಟಲು ಶೇಂದಿ ಇಟ್ಟರು. ಬೆಳಗಿನ ಕೆರೆಯ ಚಿತ್ರಕ್ಕೆ ಆಗಷ್ಟೇ ಮರದಿಂದ ಇಳಿಸಿದ ಸಿಹಿ ಶೇಂದಿ, ಭತ್ತದ ಗದ್ದೆಯ ಮಧ್ಯಾಹ್ನಕ್ಕೆ ಹುಳಿಯೇರಿದ್ದು. ಒಂದು ಗುಟುಕು ಕುಡಿದು ಚಿತ್ರ ನೋಡಬೇಕು, ನೋಡಿ ಇನ್ನೊಂದು ಗುಟುಕು. ಬಂದವರಲ್ಲಿ ಹೆಚ್ಚಿನವರು ಬಟ್ಟಲನ್ನಷ್ಟೇ ನೋಡಿದರು. ನಾನು ಲಿಂಗ ಕಟ್ಟಿಕೊಂಡವಳು, ಬರೀ ಮೂಸುತ್ತ ಮುಂದೆ ಹೋದೆ.

ಕೊನೆಯ ಚಿತ್ರದಲ್ಲಿ ಬಸ್ಸಿಗೆ ಕಾಯುವ ಹೆಣ್ಣೊಬ್ಬಳ ಬೆನ್ನಷ್ಟೇ ಕಾಣುತ್ತಿತ್ತು. ಅವಳ ಬಗಲಲ್ಲಿದ್ದದ್ದು ತೇಪೆ ಹಾಕಿದ ನನ್ನ ಕೊಡೆ. ಕೆಳಗಿನ ಬಟ್ಟಲು ಖಾಲಿಯಿತ್ತು.

“ಇದಕ್ಕೇನೂ ಹಾಕಿಲ್ಲಲ್ರಿ?” ಎಂದೆ.

“ಇದಕ್ಕ ಯಾವ ರುಚಿ ಹೊಂದತೈತೋ ತಿಳೀವಲ್ದು. ಸಾವಕಾಶ ನೋಡೂಣ್ರಿ.”

ನೋಡೋಣವೆಂದು ನಾನೂ ಸುಮ್ಮನಿದ್ದೆ. ಜೂನಿನಲ್ಲಿ ಅವರಿಗೆ ಅಳ್ನಾವರದ ಕಡೆ ವರ್ಗವಾಯಿತು. ಮಾಸ್ತರರು ಗಡಿಬಿಡಿ ಮಾಡಿದ್ದನ್ನು ಅದೊಂದೇ ದಿನ ಕಂಡೆ, ಆ ಚಿತ್ರವನ್ನು ಬಗಲಲ್ಲಿ ಅವುಚಿಕೊಂಡು ಬಸ್ಸಿಗೆ ಓಡುವಾಗ. ನಾನು ಕೊಡೆ ಹಿಡಿದು ನಿಂತೇ ಇದ್ದೆ. ಈ ಸಲ ಬೆನ್ನು ಕಂಡದ್ದು ಅವರದು.