ಮುಂಭಾಗ ಮಾತ್ರ ಇದ್ದ ಮನೆ

ಲ್ಯಾಮಿನೇಶನ್ ಯಂತ್ರ ಬಿಸಿಯಾಗುವಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಪ್ಲಾಸ್ಟಿಕ್ಕೂ ಇಸ್ತ್ರಿ ಬಟ್ಟೆಯೂ ಒಟ್ಟಿಗೆ ಕಮರಿದಂಥ ವಾಸನೆ. ಹುಣಸೂರಿನ ನನ್ನ ಆಫೀಸಿನ ಕೆಳಗೇ ಇಲಿಯಾಸ್ ಭಾಯಿಯ ಜೆರಾಕ್ಸ್ ಅಂಗಡಿ ಇರುವುದರಿಂದ ಅವರು ಷಟರ್ ಎತ್ತಿದ ಸ್ವಲ್ಪ ಹೊತ್ತಿಗೆಲ್ಲ ಅದು ಮೆಟ್ಟಿಲು ಹತ್ತಿ ಮೇಲೆ ಬರುತ್ತದೆ. ಇಷ್ಟು ವರ್ಷಗಳಲ್ಲಿ ನನ್ನ ಮೂಗು ಅದಕ್ಕೆ ಒಗ್ಗಿಹೋಗಿದೆ. ಆದರೂ ಇವತ್ತು ಯಾಕೋ ಆ ವಾಸನೆ ಬಂದದ್ದೇ ತಡ, ಚಿಕ್ಕತಾಯಮ್ಮ ನೆನಪಾಗಿಬಿಟ್ಟರು. ಮೌಸ್ ಬಿಟ್ಟು ಸುಮ್ಮನೆ ಕೂತೆ. ಕೆಲಸ ಹೇಗೂ ಇದ್ದದ್ದೇ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಕೇಳಿ.

ಮೊದಲು ನನ್ನ ಕಸುಬು ಏನೆಂದು ಹೇಳಬೇಕು. ಇನ್ನೂ ಕಟ್ಟದ ಮನೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವುದು. ನಮ್ಮ ಕಡೆ ಇದಕ್ಕೆ ‘ತ್ರೀಡಿ’ ಅನ್ನುತ್ತಾರೆ, ನನಗೆ ‘ತ್ರೀಡಿ ಮೇಡಂ’ ಅನ್ನುತ್ತಾರೆ. ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಬರೀ ಪ್ಲಾನು ತೋರಿಸಿದರೆ ಯಾರಿಗೂ ಅರ್ಥವಾಗುವುದಿಲ್ಲ. ಇದು ಹಾಲ್, ಇದು ಅಡುಗೆಮನೆ ಎಂದು ಗೆರೆಗಳ ಮೇಲೆ ಬೆರಳಿಟ್ಟು ಹೇಳಿದರೆ ಎಲ್ಲರೂ ಹೂಂ ಹೂಂ ಎಂದು ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡುತ್ತಾರೆ. ಅದೇ ಗೋಡೆಗೆ ಬಣ್ಣ ಬಳಿದು, ಬಿಸಿಲು ನೆರಳು ಬಿಡಿಸಿ, ಬಾಗಿಲಲ್ಲಿ ಒಂದು ಕೆಂಪು ಕಾರು ನಿಲ್ಲಿಸಿ ಕೊಟ್ಟೆನೋ, ಮುಖ ಊರಗಲ ಆಗುತ್ತದೆ. ನಾನು ಹಾಕುವ ಆಕಾಶದ ನೀಲಿಯನ್ನು ಹುಣಸೂರಿನಲ್ಲಿ ನಾನಂತೂ ಕಂಡಿಲ್ಲ. ಅಂಗಳದಲ್ಲಿ ಯಾವ ದೇಶದವರೋ ಒಬ್ಬ ಗಂಡ ಹೆಂಡತಿ, ಬಿಳಿ ನಾಯಿ ಹಿಡಿದುಕೊಂಡು ಸದಾ ವಾಕಿಂಗ್ ಹೋಗುತ್ತಿರುತ್ತಾರೆ. ಕೆ.ಆರ್. ನಗರದ ಯಜಮಾನರೊಬ್ಬರು, “ಈ ನಾಯಿ ಯಾರ್ದು ಮೇಡಂ? ನಮ್ದು ಕರೀದು, ಅದನ್ನ ಆಕಿ” ಎಂದಿದ್ದರು. ಕರಿನಾಯಿ ಹಾಕಿಕೊಟ್ಟೆ. ಆ ಗಂಡ ಹೆಂಡತಿಯ ಬಗ್ಗೆ ಅವರ ತಕರಾರಿರಲಿಲ್ಲ.

ಚಿತ್ರ ಆದಮೇಲೆ ಪ್ರಿಂಟು, ಪ್ರಿಂಟಾದ ಮೇಲೆ ಕೆಳಗೆ ಲ್ಯಾಮಿನೇಶನ್. ಇಲಿಯಾಸ್ ಭಾಯಿಗೆ ನನ್ನನ್ನು ರೇಗಿಸುವುದೆಂದರೆ ಖುಷಿ. “ಮೇಡಂ, ಊರಲ್ಲಿ ಕಟ್ಟಿರೋ ಮನೇಗಿಂತ ನಾನು ಲ್ಯಾಮಿನೇಶನ್ ಮಾಡಿರೋ ಮನೇನೇ ಜಾಸ್ತಿ ಕಣ್ರೀ” ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಆಗೆಲ್ಲ ಚಿತ್ರ ಮಾಡಿಸುತ್ತಿದ್ದವರಲ್ಲಿ ಅರ್ಧ ಜನ ಗಾರೆಯವನನ್ನು ಹುಡುಕುವುದಕ್ಕೆ ಮೊದಲು ಹೆಣ್ಣು ಹುಡುಕುತ್ತಿದ್ದರು. ಹೆಣ್ಣಿನ ಕಡೆಯವರ ಮುಂದೆ ಚಿತ್ರ ಬಿಚ್ಚಿ, ‘ಇದು ನಮ್ಮ ಮನೆ’ ಅನ್ನುವುದು. ‘ಆಗುವ ಮನೆ’ ಎಂದು ಮೆಲ್ಲಗೆ ಸೇರಿಸುವುದು, ಅದೂ ಯಾರಾದರೂ ಕೇಳಿದರೆ.

ಚಿಕ್ಕತಾಯಮ್ಮ ಬಂದದ್ದೂ ಹಾಗೆಯೇ. ಹನಗೋಡಿನ ಹತ್ತಿರದ ಹಳ್ಳಿಯವರು. ಗಂಡ ತೀರಿಕೊಂಡಿದ್ದ. ಮಗ ಮಹೇಶ ಹೊಗೆಸೊಪ್ಪು ಬೆಳೆಯುತ್ತಿದ್ದ.

“ಮನೆ ಕಟ್ಟಕ್ಕಲ್ಲ ಕಣವ್ವ, ಸದ್ಯಕ್ಕೆ ಚಿತ್ರ ಸಾಕು. ಎಣ್ಣಿನ ಕಡೆಯೋರು ಬತ್ತಾವ್ರೆ” ಎಂದರು.

“ಕಟ್ಟೋದು ಯಾವಾಗ?”

“ಕಟ್ತೀವಿ ಬುಡು. ಮೊದ್ಲು ಎಣ್ಣು ಒಪ್ಲಿ.”

ಅಳತೆಗೆಂದು ಹೋಗಿ ನೋಡಿದೆ. ಗಟ್ಟಿಮುಟ್ಟಾದ ಹೆಂಚಿನ ಮನೆ. ನಡುಮನೆಯ ತುಂಬ ಒತ್ತಿ ಕಟ್ಟಿದ ಹೊಗೆಸೊಪ್ಪಿನ ಬೇಲು. ಹಿತ್ತಿಲಲ್ಲಿ ತೆಂಗಿನ ಗರಿಯ ತಡಿಕೆ ಕಟ್ಟಿ ಒಂದು ಕಲ್ಲು ಹಾಕಿದ್ದರು, ಅದೇ ಬಚ್ಚಲು. ಆ ಮನೆಯ ಜಾಗದಲ್ಲಿ ನಾನು ಎರಡು ಅಂತಸ್ತು ಎಬ್ಬಿಸಿದೆ. ಉದ್ದುದ್ದ ಕಂಬ, ಮಹಡಿಯಂಚಿಗೆ ಗಾಜಿನ ಕಟಾಂಜನ, ಕೆಂಪು ಕಾರು, ವಾಕಿಂಗ್ ದಂಪತಿ. ಚಿಕ್ಕತಾಯಮ್ಮ ನೋಡಿ, “ಅಯ್ಯೋ ನನ್ನವ್ವ, ಅರಮನೆ ಅಂಗದೆ!” ಎಂದು ನನ್ನ ಗಲ್ಲ ಸವರಿ ನೆಟಿಗೆ ಮುರಿದರು. ಸುಳ್ಳೇಕೆ, ನಾನು ಉಬ್ಬಿದೆ.

ಸ್ವಲ್ಪ ದಿನ ಕಳೆದ ಮೇಲೆ ಒಬ್ಬಳು ಹುಡುಗಿ ಒಂಟಿಯಾಗಿ ಮೆಟ್ಟಿಲು ಹತ್ತಿ ಬಂದಳು. ಹೆಸರು ಸವಿತಾ, ಪಿರಿಯಾಪಟ್ಟಣದ ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಬ್ಯಾಗಿನಿಂದ ಅದೇ ಲ್ಯಾಮಿನೇಶನ್ ಚಿತ್ರ ತೆಗೆದು ಮೇಜಿನ ಮೇಲಿಟ್ಟಳು. ಮೂಲೆಯಲ್ಲಿದ್ದ ನನ್ನ ಆಫೀಸಿನ ವಿಳಾಸ ನೋಡಿಕೊಂಡು ಬಂದಿದ್ದಳು.

“ಇದು ನೀವು ಮಾಡಿದ್ದಾ ಮೇಡಂ?”

“ಹೂನಮ್ಮ.”

“ಒಳಗೆ ತೋರ್ಸಿ.”

ಒಳಗಿನದು ಇನ್ನೂ ಆಗಿಲ್ಲ ಎಂದೆ.

“ಹೋಗ್ಲಿ, ಹಿಂದುಗಡೆ ತೋರ್ಸಿ.”

ಈಗ ನಮ್ಮ ಕಸುಬಿನ ಒಂದು ಗುಟ್ಟು ಹೇಳಲೇಬೇಕು. ಮುಂಭಾಗದ ಚಿತ್ರ ಕೇಳಿದವರಿಗೆ ನಾವು ಮುಂಭಾಗವನ್ನಷ್ಟೇ ಕಟ್ಟುವುದು. ಮೌಸ್ ತಿರುಗಿಸಿದೆ. ಅರಮನೆ ತಿರುಗಿತು. ಹಿಂದೆ ಗೋಡೆಯಿಲ್ಲ, ನೆಲವಿಲ್ಲ, ಬರೀ ಬೂದುಬಣ್ಣದ ಬಯಲು. ನಾಟಕದ ಪರದೆಯ ಹಿಂದೆ ಹೋಗಿ ನಿಂತ ಹಾಗಿತ್ತು. ಹುಡುಗಿ ಎಲ್ಲಿ ಅತ್ತುಬಿಡುತ್ತಾಳೋ ಎಂದು ಹೆದರಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಶಿವನೇ! ಬಲಗಾಲಿಟ್ಟು ಒಳಗೆ ಬಂದರೆ ನಾನು ಸೀದಾ ಕೆಳಗೆ ಬೀಳೋದಾ?”

ನಗು ನಿಂತ ಮೇಲೆ ನೇರವಾಗಿ ಹೇಳಿದಳು. “ಹುಡುಗ ನನಗೆ ಇಷ್ಟ ಮೇಡಂ. ಮಾತಾಡಿದೀನಿ, ಒಳ್ಳೆಯವನು. ನಮ್ಮಪ್ಪ ಈ ಚಿತ್ರ ನೋಡಿ ಒಪ್ಕೊಂಡ್ರು. ಆದ್ರೆ ನಮ್ಮಕ್ಕನ್ನ ಕೊಟ್ಟಿರೋ ಮನೇನೂ ಮುಂದುಗಡೆಯಿಂದ ಕಲ್ಯಾಣ ಮಂಟಪದ ಥರಾನೇ ಇರೋದು. ಅವಳು ಬೆಳಕು ಹರಿಯೋಕೆ ಮುಂಚೆ ಎದ್ದು, ತಡಿಕೆ ಮರೇಲಿ ಕೂತು, ಯಾರು ಬಂದಾರೋ ಅಂತ ಸೀರೆ ಸುತ್ತಿಕೊಂಡೇ ನೀರು ಹಾಕ್ಕೋತಾಳೆ. ನನ್ನ ಕೈಲಾಗಲ್ಲ. ಮಹಡಿ ಬೇಡ. ಇರೋ ಮನೆಗೇ ಒಂದು ರೂಮು, ಒಂದು ಬಾತ್‌ರೂಮು, ಒಳಗಿಂದ ಚಿಲಕ. ಅದನ್ನ ಚಿತ್ರ ಮಾಡಿಕೊಡಿ. ಮದುವೆಗೆ ಮುಂಚೆ ಅವರು ಅಷ್ಟು ಕಟ್ಟಿದರೆ ಬರ್ತೀನಿ. ಇಲ್ಲಾಂದ್ರೆ ಈ ಮದುವೆ ಬೇಡ.”

ಮಾಡಿಕೊಟ್ಟೆ. ಆಕಾಶವಿಲ್ಲದ, ಕಾರಿಲ್ಲದ ಚಿತ್ರ. ಬಾತ್‌ರೂಮಿನ ಒಳಗೆ ನಿಂತು ಬಾಗಿಲ ಕಡೆ ನೋಡಿದರೆ ಹೇಗೆ ಕಾಣುತ್ತದೋ ಹಾಗೆ. ನೀಲಿ ಬಕೆಟ್ಟು, ಬಟ್ಟೆ ನೇತುಹಾಕಲು ಗೂಟ, ಎತ್ತರದಲ್ಲೊಂದು ಸಣ್ಣ ಕಿಟಕಿ. ಕಂಬ ಕಟಾಂಜನ ಬಿಡಿಸುವ ನನಗೆ ಒಂದು ಚೊಂಬನ್ನು ಸರಿಯಾಗಿ ಬಿಡಿಸುವುದಕ್ಕೇ ಅರ್ಧ ದಿನ ಹಿಡಿಯಿತು. ಸವಿತಾ ಅದನ್ನು ಮಹೇಶನ ಫೋನಿಗೆ ಕಳಿಸಿದಳು. ಅವನು ಒಪ್ಪಿದ, ಅವ್ವನನ್ನು ಕೇಳಬೇಕು ಎಂದ. ಅಲ್ಲಿಗೆ ಮದುವೆ ಚಿಕ್ಕತಾಯಮ್ಮನ ಬಾಯಲ್ಲಿ ಬಂದು ನಿಂತಿತು.

ಮಾರನೆಯ ದಿನವೇ ಅವರು ಬಂದರು. ಮೆಟ್ಟಿಲ ಮೇಲೇ ದನಿ ಕೇಳುತ್ತಿತ್ತು. “ಏನವ್ವ ತ್ರೀಡಿ, ನಾನ್ ಕೇಳಿದ್ದೇನು, ನೀನ್ ಮಾಡಿರೋದೇನು? ಬಚ್ಚಲು ಚಿತ್ರ ಬರ್ದು ಬೀಗರ ಕೈಗೆ ಕೊಡೋದಾ? ನಮ್ ಮರ್ವಾದೆ ಏನಾಗ್ಬೇಕು? ನಾನೇನ್ ಬಾಳಲಿಲ್ವಾ ಆ ಮನೇಲಿ?”

ನಾನು ಕಂಪ್ಯೂಟರಿನ ತೆರೆಯನ್ನು ಅವರ ಕಡೆ ತಿರುಗಿಸಿ ಚಿತ್ರ ದೊಡ್ಡದು ಮಾಡಿದೆ. ಬೈಗುಳ ಇನ್ನೂ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಅರ್ಧಕ್ಕೇ ನಿಂತಿತು.

“ಇದು ಬಾಗ್ಲಾ?”

“ಹೂಂ.”

“ಚಿಲ್ಕ ಒಳಗಡೀಕೆ ತಾನೆ?”

“ಒಳಗಡೆಗೇ.”

ಕುರ್ಚಿ ಎಳೆದುಕೊಂಡು ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, “ಆ ಮನೆಗೆ ಬಂದಾಗ್ಲಿಂದ ಒಂದ್ ದಿನಾನೂ ನಾನು ಬೆಳಕಲ್ಲಿ ನೀರು ಉಯ್ಕೊಂಡೋಳಲ್ಲ ಕಣವ್ವ.”

ಅವರ ಬಚ್ಚಲನ್ನು ಕಣ್ಣಾರೆ ಕಂಡಿದ್ದವಳು ನಾನು. ಅದನ್ನು ಬಿಟ್ಟು ಮುಂಭಾಗಕ್ಕೆ ಗಾಜಿನ ಕಟಾಂಜನ ಕಟ್ಟಿದ್ದೆ.

“ಆ ಕಿಟ್ಕಿನ ಇನ್ನೊಂಚೂರು ಮ್ಯಾಲಕ್ಕಿಕ್ಕು” ಎಂದರು. ಕಿಟಕಿಯನ್ನು ಮೇಲಕ್ಕೆ ಸರಿಸಿದೆ. “ಇನ್ನೊಂಚೂರು.” ಮತ್ತೆ ಸರಿಸಿದೆ. “ಆಂ, ಸಾಕು” ಎಂದರು. ಮದುವೆ ಗಟ್ಟಿಯಾದದ್ದು ಹೀಗೆ.

ಲಗ್ನಪತ್ರಿಕೆ ಹಂಚುವ ಹೊತ್ತಿಗೆ ಗಾರೆ ಕೆಲಸ ಮುಗಿದಿತ್ತು. ಒಮ್ಮೆ ನೋಡಿ ಬರೋಣವೆಂದು ಹೋದೆ. ನಡು ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿತ್ತು. ಮನೆಯಲ್ಲಿ ಯಾರೂ ಕಾಣಲಿಲ್ಲ. ಹೊಸ ಬಾಗಿಲು ಮುಚ್ಚಿತ್ತು, ಒಳಗೆ ನೀರಿನ ಸದ್ದು. “ಚಿಕ್ಕತಾಯಮ್ಮಾ” ಎಂದು ಕೂಗಿದೆ.

“ಯಾರು, ತ್ರೀಡಿನಾ? ಕೂತ್ಕೊ ಜಗಲಿ ಮ್ಯಾಲೆ” ಎಂದು ಒಳಗಿನಿಂದ ದನಿ ಬಂತು. “ಈಗಿನ್ನೂ ತಲೆಗೆ ಉಯ್ಕೊತಾವ್ನಿ. ನಂಗೇನ್ ಅರ್ಜೆಂಟು?”

ಕೂತೆ. ಬಹಳ ಹೊತ್ತು ಕೂತಿದ್ದೆ.

ಇಷ್ಟೆಲ್ಲ ನೆನಪು ಮಾಡಿಕೊಂಡ ಮೇಲೆ ಸುಮ್ಮನಿರಲಾಗದೆ ಈಗಷ್ಟೇ ಸವಿತಾಗೆ ಫೋನು ಮಾಡಿದ್ದೆ. “ಅತ್ತೆ ಎಲ್ಲಿದಾರಮ್ಮ?” ಎಂದು ಕೇಳಿದೆ. “ಇನ್ನೆಲ್ಲಿರ್ತಾರೆ ಮೇಡಂ? ಚಿಲಕ ಹಾಕ್ಕೊಂಡು ಒಳಗಡೆ” ಎಂದು ರೇಗಿದಳು. “ಹಟ ಮಾಡಿ ಕಟ್ಟಿಸಿಕೊಂಡಿದ್ದು ನಾನು. ನನಗೇ ಒಂದು ದಿನವೂ ಖಾಲಿ ಸಿಗಲ್ಲ!”